ಮಂಜಿನ ಕಹಳೆ, ಹಾಡುವ ಗೆರೆ

ಧಾರವಾಡದ ಮಾಳಮಡ್ಡಿ. ರೈಲು ನಿಲ್ದಾಣಕ್ಕೆ ಸಮೀಪದ ಹಂಚಿನ ಮನೆಯೊಂದರ ಪಡಸಾಲೆಯಲ್ಲಿ ಇಬ್ಬರು. ಒಬ್ಬರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ಸಂಗೀತದ ಹಳೆಯ ಕೇಳುಗರು, ಓಣಿಗೆಲ್ಲ ಕಾಕಾ. ಇನ್ನೊಬ್ಬಳು ಅದೇ ಓಣಿಯ ಹುಡುಗಿ, ಚಿತ್ರಕಲೆಯ ವಿದ್ಯಾರ್ಥಿನಿ. ಅಮೆರಿಕದ ಚಿತ್ರಕಾರ ಆರ್ಥರ್ ಡವ್ ಕುರಿತು ತನ್ನ ತರಗತಿಯ ಮುಂದೆ ಮಾತಾಡಬೇಕಾಗಿದೆ ಅವಳಿಗೆ.

ಹುಡುಗಿ: ಕಾಕಾ, ಇದೊಂದು ಚಿತ್ರ ನೋಡ್ರಿ. 1914ರಾಗ ಪೇಸ್ಟಲ್‌ನಿಂದ ತಗದದ್ದು. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಜಿಯಮ್ಮಿನ್ಯಾಗ ಅದ. ಹೆಸರು ‘ಆಕಳು’ ಅಂತ.

ಕಾಕಾ: ಆಕಳಾ? ಎಲ್ಲದ? ಬಾಗಿದ ಆಕಾರ ಕಾಣತಾವ, ಬಣ್ಣ ಕಾಣತಾವ. ಆದ್ರ ಇದು ಕೊಂಬು, ಇದು ಬಾಲ ಅಂತ ಬೆರಳಿಟ್ಟು ತೋರಸಲಿಕ್ಕೆ ಬರೂದಿಲ್ಲ. ನಾ ಹುಡುಗರಿಗೆ ದನಾ ತಗೀಲಿಕ್ಕೆ ಕಲಿಸಿದಾಂವ. ಮೊದಲ ಬೆನ್ನಿನ ಗೆರಿ, ಆಮ್ಯಾಲೆ ಹೊಟ್ಟಿ, ಆಮ್ಯಾಲೆ ಕಾಲು. ಗೆರಿ ತಪ್ಪಿದರ ಅಳಿಸಿ ಮತ್ತ ತಗಸತಿದ್ದೆ. ಎಲಿಮೆಂಟರಿ ಪರೀಕ್ಷಾಕ್ಕ ಕೂತ ಹುಡುಗ ಇಂಥಾದ್ದು ಬರದಿಟ್ಟು ಬಂದಿದ್ರ ಏನಾಗತಿತ್ತು?

ಹುಡುಗಿ: ನಾಪಾಸ್ ಆಗತಿದ್ದಾ. ಆದ್ರ ಇಂವ ಪರೀಕ್ಷಾ ಎಲ್ಲಾ ಮುಗಿಸಿದಾಂವ, ಕಾಕಾ. ಗೆರಿ ಬರದ ಹೊಟ್ಟಿ ಹೊರಕೊಂಡಾಂವ. ಹಾರ್ಪರ್ಸ್, ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್‌ನಂಥಾ ದೊಡ್ಡ ಪತ್ರಿಕಾಗಳಿಗೆ ಕತಿ ಚಿತ್ರ ಬರದು ನ್ಯೂಯಾರ್ಕಿನ್ಯಾಗ ಬದುಕಿದ್ದಾ. ಆಕಳಿನ ಕಾಲು ಅವಗ ಬರತಿದ್ದಿಲ್ಲ ಅಂತ ತಿಳೀಬ್ಯಾಡ್ರಿ.

ಕಾಕಾ: ಹಂಗಂದ್ರ ಗೊತ್ತಿದ್ದೂ ಬಿಟ್ಟಾ. ಯಾಕ ಬಿಟ್ಟಾ, ಅದನ್ನ ಹೇಳು. ಮೊದಲಿಂದ ಹೇಳು.

ಹುಡುಗಿ: ಆರ್ಥರ್ ಗಾರ್‌ಫೀಲ್ಡ್ ಡವ್. 1880ರ ಆಗಸ್ಟಿನ್ಯಾಗ ನ್ಯೂಯಾರ್ಕ್ ರಾಜ್ಯದ ಕ್ಯಾನಂಡೈಗ್ವಾ ಅನ್ನೋ ಊರಾಗ ಹುಟ್ಟಿದಾ. ಅಮೆರಿಕಾದ ಅಧ್ಯಕ್ಷರ ಚುನಾವಣಿ ವರ್ಷ ಅದು. ಗಾರ್‌ಫೀಲ್ಡ್ ಅಧ್ಯಕ್ಷಗಿರಿಗೆ, ಆರ್ಥರ್ ಉಪಾಧ್ಯಕ್ಷಗಿರಿಗೆ ನಿಂತಿದ್ರು. ಮನಿಯವರು ಇಬ್ಬರ ಹೆಸರೂ ಕೂಸಿಗಿಟ್ರು. ಬೆಳದದ್ದು ಅದ ರಾಜ್ಯದ ಜಿನೀವಾ ಊರಾಗ. ತಂದಿ ಇಟ್ಟಂಗಿ ಭಟ್ಟಿ ಇಟ್ಟಾಂವ, ಕಟ್ಟಡದ ಗುತ್ತಿಗಿ ಹಿಡದು ಛಲೋ ಗಳಿಸಿದಾಂವ. ಬಾಜೂದಾಗ ನ್ಯೂಟನ್ ವೆದರ್ಲಿ ಅಂತೊಬ್ಬ ರೈತ ಇದ್ದಾ. ಅಂವ ತಾನೂ ಚಿತ್ರ ಬರಿಯಾಂವ. ಹುಡುಗನ್ನ ಅಡವಿಗೆ, ಮೀನ ಹಿಡೀಲಿಕ್ಕೆ ಕರಕೊಂಡು ಹೋಗತಿದ್ದಾ, ತಾನು ಬರದು ಉಳದ ಕ್ಯಾನ್ವಾಸಿನ ತುಂಡು ಕೊಡತಿದ್ದಾ. ಡವ್‌ನ ಮೊದಲನೇ ಗುರು ಅಂವ.

ಕಾಕಾ: ರೈತನ ಕಡೆಯಿಂದ ದೀಕ್ಷಾ ಆತು ಅನ್ನು. ತಂದಿಗೆ ಸೇರಿತೇನು ಇದು?

ಹುಡುಗಿ: ಇಲ್ಲರಿ. ತಂದಿಗೆ ಮಗಾ ವಕೀಲ ಆಗಬೇಕಾಗಿತ್ತು. ಮಗಾ 1903ರಾಗ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪಾಸಾಗಿ ನ್ಯೂಯಾರ್ಕಿಗೆ ಹೋಗಿ ಪತ್ರಿಕಾ ಚಿತ್ರ ಹಿಡಕೊಂಡು ಕೂತಾ. ಮುಂದ ಹೆಂಡ್ತಿ ಫ್ಲಾರೆನ್ಸ್ ಕೂಡ ಫ್ರಾನ್ಸಿಗೆ ಹೋದಾ. ಅಲ್ಲಿ 1908 ಮತ್ತ 1909ರಾಗ ಪ್ಯಾರಿಸಿನ ‘ಸಲೋನ್ ದೋತಾನ್’ ಪ್ರದರ್ಶನದಾಗ ಅವನ ಚಿತ್ರ ತೂಗುಹಾಕಿದ್ರು. ಆಗಿನ್ನೂ ಹಣ್ಣು, ಲಾಬ್‌ಸ್ಟರ್, ಗಿಡಾ ಎಲ್ಲಾ ಗುರುತು ಹತ್ತೋ ಹಂಗ ಬರೀತಿದ್ದಾ. ಬಣ್ಣ ಮಾತ್ರ ಸೆಜಾನ್, ಮಾತೀಸ್ ಅವರನ್ನ ನೋಡಿ ಕಲತ ಬಣ್ಣ. 1909ರಾಗ ಮನಿಗೆ ತಿರುಗಿ ಬಂದಾ. ಬಂದಾಂವನ ಅಡವಿ ಹೊಕ್ಕಾ. ಒಬ್ಬನ ಗಿಡದ ತೊಗಟಿ, ಚಿಟ್ಟಿ, ಹೂವು ನೋಡಕೋತ ಕೂತಾ. 1910 ಮತ್ತ 11ರ ಸುಮಾರಿಗೆ ಆರು ಸಣ್ಣ ಎಣ್ಣಿಬಣ್ಣದ ಚಿತ್ರ ಆದ್ವು. ಅಮೆರಿಕಾದಾಗ ಅಮೂರ್ತ ಚಿತ್ರಾ ಅಂತ ಎಣಸಲಿಕ್ಕೆ ಹತ್ತಿದರ ಭಾಳ ಮಂದಿ ಅಲ್ಲಿಂದ ಎಣಸತಾರ. ಆ ಹೊತ್ತಿಗೆ ಮ್ಯೂನಿಕ್‌ದಾಗ ಕ್ಯಾಂಡಿನ್ಸ್ಕಿ ಅದ ದಾರಿ ಹುಡುಕಲಿಕ್ಕೆ ಹತ್ತಿದ್ದಾ.

ಕಾಕಾ: 1910. ಆ ವರ್ಷದ ಕೊನೀ ದಿನಾ ಇಲ್ಲೇ ಧಾರವಾಡದ ಹತ್ತರ ಮನಸೂರಾಗ ಗವಾಯಿ ಮಲ್ಲಿಕಾರ್ಜುನ ಮನ್ಸೂರರು ಹುಟ್ಟಿದ್ರು. ಮುಂದಿನ ವರ್ಷ ಜೂನ್‌ದಾಗ ಉಡುಪಿ ಹತ್ತರ ಕಟ್ಟಿಂಗೇರಿಯೊಳಗ ಚಿತ್ರಕಾರ ಕೃಷ್ಣ ಹೆಬ್ಬಾರರು ಹುಟ್ಟಿದ್ರು. ನಾ ಇಬ್ಬರನ್ನೂ ಯಾಕ ನೆನಸಿದೆ ಅಂದ್ರ, ನಿನ್ನ ಈ ಮನಷ್ಯಾನ್ನ ತೂಗಿ ನೋಡಲಿಕ್ಕೆ ನನ್ನ ಹತ್ತರ ಇರೋ ಕಲ್ಲು ಅವರಿಬ್ಬರ.

ಹುಡುಗಿ: ಹೆಬ್ಬಾರರ ಮಾತು ಆಮ್ಯಾಲೆ ಕೇಳತೀನಿ. ಮನ್ಸೂರರಿಂದ ಸುರು ಮಾಡೋಣ. ಅವರು ನಟ್ ಬಿಹಾಗ್ ಹಾಡಲಿಕ್ಕೆ ಕೂತಾಗ ನೀವು ಇದರಾಗ ಆಕಳಾ ಎಲ್ಲದ ಅಂತ ಕೇಳಿದ್ರೇನು? ಕೇಳಿಲ್ಲ. ದನಿ ಏರತದ, ಹೊರಳತದ, ಸಮ್‌ಕ ಬಂದು ಕೂಡತದ. ನಿಮಗ ಕಣ್ಣೀರು ಬರತಾವ. ಚಿತ್ರಕ್ಕ ಮಾತ್ರ ಯಾಕ ಈ ಜಡತಿ?

ಕಾಕಾ: ಈ ಮಾತು ಸುಲಭದ್ದು, ತಂಗಿ. ಎಲ್ಲಾರೂ ಆಡತಾರ. ಸಂಗೀತಕ್ಕ ಅರ್ಥ ಕೇಳೂದಿಲ್ಲ, ಚಿತ್ರಕ್ಕೂ ಕೇಳಬ್ಯಾಡ್ರಿ ಅಂತ. ಆದ್ರ ಮನ್ಸೂರರು ಬಾಯಿಗೆ ಬಂದ ಸ್ವರ ಹಚ್ಚತಿದ್ದಿಲ್ಲ. ಹಿಂದ ಎರಡು ತಂಬೂರಿ ನುಡೀತಿರತಾವ. ಷಡ್ಜ ಎಲ್ಲಿ ಅದ ಅಂತ ಮಕ್ಕಳಿಗೂ ಗೊತ್ತಾಗತದ. ರಾಗಕ್ಕ ಏರಿಕಿ ಇಳಿಕಿ ಅದ, ಹಚ್ಚಬಾರದ ಸ್ವರ ಅದ, ತಾಳ ಅದ, ಬಂದಿಶ್ ಅದ. ಅವರದು ಜೈಪುರ ಅತ್ರೌಲಿ ಘರಾಣಾ. ಅಲ್ಲಾದಿಯಾ ಖಾನರ ಮಕ್ಕಳು ಮಂಜಿ ಖಾನ್, ಭುರ್ಜಿ ಖಾನ್ ಇಬ್ಬರ ಹತ್ತರಾನೂ ಕಲತವರು. ಆ ಘರಾಣಾದಾಗ ಬಂದಿಶ್ ಬಿಟ್ಟು ತಾಸುಗಟ್ಲೆ ಆಲಾಪ ಮಾಡೂದ ಇಲ್ಲ. ಮೊದಲಿಂದಾನೂ ಠೇಕಾ ನಡೀತಿರತದ, ಬಂದಿಶ್‌ದ ಮಾತು ಕೈಯಾಗ ಇರತದ, ಅದರೊಳಗ ರಾಗ ಬಿಚ್ಚತಾರ. ಈಗ ನೀ ಹೇಳು. ಈ ಚಿತ್ರದ ತಂಬೂರಿ ಎಲ್ಲದ? ಷಡ್ಜ ಯಾವುದು?

ಹುಡುಗಿ: ಆಕಳಾನ ಷಡ್ಜ, ಕಾಕಾ.

ಕಾಕಾ: ಅಂದ್ರ?

ಹುಡುಗಿ: ಕಾಣದಿದ್ರೂ ಅದ ಆಧಾರ. ಅಂವ 1910ರ ಸುಮಾರಿಗೆ ನ್ಯೂಯಾರ್ಕ್ ಬಿಟ್ಟು ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಪೋರ್ಟಿಗೆ ಹೋಗಿ ಕೋಳಿ ಸಾಕಿದಾ, ಕಾಯಿಪಲ್ಯ ಬೆಳದಾ. ಚಿತ್ರದಿಂದ ರೊಕ್ಕ ಬರತಿದ್ದಿಲ್ಲ, ಪತ್ರಿಕಾ ಕೆಲಸ ಮನಸಿಗೆ ಬ್ಯಾಡಾಗಿತ್ತು. ಮುಂಜಾನಿ ಕೋಳಿಗೆ ಕಾಳು ಹಾಕಿ, ದಿನಾ ಹೊಲದಾಗ ದುಡದು, ಉಳದ ಹೊತ್ತಿನ್ಯಾಗ ಬರೀತಿದ್ದಾ. ಅಂವ ದನಾ ನೋಡಿದ್ದು ಕೊಟ್ಟಿಗಿಯೊಳಗ, ಕತ್ತಲದಾಗ, ಮಳ್ಯಾಗ. ನಾವು ಹೊರಗಿನವರು ನೋಡಿದರ ನಾಕು ಕಾಲು, ಎರಡು ಕೊಂಬು ಕಾಣತಾವ. ದಿನಾ ಮೈ ಮುಟ್ಟಿ ನೋಡಿದಾಂವಗ ಹೊಟ್ಟಿಯ ಭಾರ, ಬೆನ್ನಿನ ಬಾಗು, ಚರ್ಮದ ಬಿಸಿ ಕಾಣತದ. ಅದನ್ನಷ್ಟ ಇಟ್ಟಾ, ಉಳದದ್ದು ಬಿಟ್ಟಾ. 1912ರಾಗ ಹತ್ತು ಪೇಸ್ಟಲ್ ಚಿತ್ರ ಪ್ರದರ್ಶನ ಮಾಡಿದಾ. ಕುದುರಿ ಜೋಡಿ, ಹಾಯಿ, ಗಿಡದ ಆಕಾರ, ಎಲ್ಲಾ ಕಣ್ಣ ಮುಂದಿನವ. ಒಂದೂ ಹವಾದಾಗಿಂದ ಬಂದದ್ದಲ್ಲ.

ಕಾಕಾ: ಹತ್ತು ಚಿತ್ರ ಹಾಕಲಿಕ್ಕೆ ಯಾರು ಜಾಗಾ ಕೊಟ್ರು?

ಹುಡುಗಿ: ಆಲ್ಫ್ರೆಡ್ ಸ್ಟೀಗ್ಲಿಟ್ಸ್. ಫೋಟೋಗ್ರಾಫರ್. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದ 291ನೇ ನಂಬರಿನಾಗ ಸಣ್ಣ ಗ್ಯಾಲರಿ ಇಟ್ಟಿದ್ದಾ; ಅದಕ್ಕ ‘291’ ಅಂತನ ಹೆಸರು. ಯುರೋಪಿನ ಹೊಸಾ ಚಿತ್ರಗಳನ್ನ ಅಮೆರಿಕಾದವರಿಗೆ ಮೊದಲ ತೋರಿಸಿದವರೊಳಗ ಅಂವ ಒಬ್ಬ. ಡವ್‌ನ ಕೈ ಹಿಡದಾಂವ ಸಾಯೋತನಕ ಬಿಡಲಿಲ್ಲ. ಇಬ್ಬರೂ ಒಂದ ವರ್ಷ, 1946ರಾಗ ತೀರಕೊಂಡ್ರು. ಆದ್ರ ಆ ಹತ್ತು ಚಿತ್ರದಿಂದ ಹೊಟ್ಟಿ ತುಂಬೋವಷ್ಟು ರೊಕ್ಕ ಬರಲಿಲ್ಲ. ಸ್ವಲ್ಪ ದಿನಾ ನಿಶ್ಚಿಂತಿಯಿಂದ ಬರೀಲಿಕ್ಕೆ ತಂದಿ ಕಡೆ ತಿಂಗಳಾ ಇಷ್ಟು ಅಂತ ಕೇಳಿದ್ರ ತಂದಿ ಖಡಾಖಂಡಿತ ಇಲ್ಲ ಅಂದಾ.

ಕಾಕಾ: ಇಟ್ಟಂಗಿ ಸುಟ್ಟು ಮನಿ ಕಟ್ಟಿಸಿದಾಂವಗ ಮಗಾ ಏನ ಕಟ್ಟಲಿಕ್ಕೆ ಹತ್ತ್ಯಾನ ಅಂತ ಕಾಣಲಿಲ್ಲ. ನಾ ಅಂವಗ ಬೈಯೂದಿಲ್ಲ. ನಮ್ಮ ಕಡೆ ಎಷ್ಟ ಮನ್ಯಾಗ ಚಿತ್ರ ಬರಿಯೋ ಹುಡುಗನ್ನ ಬ್ಯಾಂಕಿನ ಪರೀಕ್ಷಾಕ್ಕ ದಬ್ಬ್ಯಾರ, ನನಗ ಗೊತ್ತದ. ಹೆಬ್ಬಾರರ ತಂದಿ ಮಣ್ಣಿನ ಗಣಪತಿ ಮೂರ್ತಿ ಮಾಡತಿದ್ರು. ಮನ್ಯಾಗ ರೊಕ್ಕಿದ್ದಿಲ್ಲ, ಆದ್ರ ಕೈಯಿಂದ ಆಕಾರ ಬರತದ ಅನ್ನೋದು ಹುಡುಗಗ ಸಣ್ಣಾಂವ ಇದ್ದಾಗನ ಕಂಡಿತ್ತು.

ಹುಡುಗಿ: ಒಬ್ಬನ ತಂದಿ ಮಣ್ಣಿನಿಂದ ಇಟ್ಟಂಗಿ ಮಾಡಿದಾ, ಇನ್ನೊಬ್ಬರ ತಂದಿ ಮಣ್ಣಿನಿಂದ ಗಣಪತಿ. ಇದನ್ನ ಬರಕೋತೀನಿ, ಕಾಕಾ.

ಕಾಕಾ: ಬರಕೋ. ಆದ್ರ ಹೆಬ್ಬಾರರದು ಬ್ಯಾರೆ ದಾರಿ. ಮುಂಬೈಗೆ ಹೋಗಿ ಜೆ.ಜೆ. ಸ್ಕೂಲಿನ್ಯಾಗ ಕಲತು 1938ರಾಗ ಡಿಪ್ಲೊಮಾ ತಗೊಂಡ್ರು, ಅಲ್ಲೇ ಮಾಸ್ತರರೂ ಆದ್ರು. ಆಗ ಧಾರವಾಡಾನೂ ಮುಂಬೈ ಪ್ರಾಂತದಾಗ ಇತ್ತು. ನಮ್ಮ ಡ್ರಾಯಿಂಗ್ ಮಾಸ್ತರರ ಕಣ್ಣೆಲ್ಲಾ ಜೆ.ಜೆ. ಕಡೇನ. ಅಲ್ಲಿ ಕಲಿಸಿದ್ದು ಇಂಗ್ಲಿಷರ ನಮೂನಿ, ಎದುರಿಗಿದ್ದದ್ದು ಇದ್ದಂಗ ಬರಿಯೋದು. ಅದನ್ನ ಪೂರಾ ಕಲತ ಮ್ಯಾಲೆ ಅವರಿಗೆ ಸಾಲದಾತು. ಜೈನರ ಹಸ್ತಪ್ರತಿ, ರಾಜಪೂತ ಚಿತ್ರ, ಅಮೃತಾ ಶೇರ್‌ಗಿಲ್ ಕ್ಯಾನ್ವಾಸು ಎಲ್ಲಾ ನೋಡಿದ್ರು. ಕೇರಳದ ಹೊಲಾ, ಹೆಣಮಕ್ಕಳು, ಬಿಸಿಲು ಬರದ್ರು. 1949ರಾಗ ಪ್ಯಾರಿಸಿಗೆ ಹೋಗಿ ಅಕಾದೆಮಿ ಜುಲಿಯನ್‌ದಾಗ ಕೂತು ಮತ್ತ ವಿದ್ಯಾರ್ಥಿ ಆದ್ರು. ಇದೆಲ್ಲಾ ಪುಸ್ತಕದಾಗ ಸಿಗತದ. ನನಗ ದೊಡ್ಡದು ಅನಸೋದು ಇನ್ನೊಂದು ಸಂಗತಿ. ಅವರು ಕಥಕ್ ಕಲತ್ರು.

ಹುಡುಗಿ: ಕುಣೀಲಿಕ್ಕಾ?

ಕಾಕಾ: ಕುಣೀಲಿಕ್ಕೆ. ಪಂಡಿತ ಸುಂದರ ಪ್ರಸಾದರ ಹತ್ತರ, ಗೆಜ್ಜಿ ಕಟ್ಟಿಕೊಂಡು. ರಂಗದ ಮ್ಯಾಲೆ ಹೋಗೋ ಆಶಾದಿಂದಲ್ಲ. ಲಯ ತಮ್ಮ ಮೈಯಾಗ ಇಳೀಲಿ, ಅಲ್ಲಿಂದ ಗೆರಿಗೆ ಬರಲಿ ಅಂತ. ನೀ ಅವರ ರೇಖಾಚಿತ್ರ ನೋಡು. 1964ರಾಗ ‘ಸಿಂಗಿಂಗ್ ಲೈನ್’ ಅಂತ ಪುಸ್ತಕಾ ಬಂತು. ನರ್ತಕಿಯ ಮುಖಾ ಇಲ್ಲ, ಬೆರಳಿಲ್ಲ, ಸೀರಿಯ ನಿರಿಗಿ ಇಲ್ಲ. ಪೆನ್ನು ಒಮ್ಮೆ ಇಟ್ಟದ್ದು ಎತ್ತಿದ್ದ ಕಾಣೂದಿಲ್ಲ. ಹೋಗತದ, ಸುತ್ತತದ, ತೆಳ್ಳಗಾಗತದ, ನಿಲ್ಲತದ. ಆದ್ರ ಚಕ್ಕರ ಹಾಕೋ ಹೆಣಮಗಳು ಅಲ್ಲಿ ಇದ್ದಾಳ. ನನ್ನ ಜಗಳ ನಿನ್ನ ಡವ್ ಕೂಡ ಇರೋದು ಇಲ್ಲೇ. ಹೆಬ್ಬಾರರು ಇಷ್ಟೆಲ್ಲಾ ಬಿಟ್ಟರೂ ಮನಷ್ಯಾನ್ನ ಬಿಡಲಿಲ್ಲ. ಇಂವ ಆಕಳನ್ನ ಕೈಬಿಟ್ಟಾ.

ಹುಡುಗಿ: ಹೆಬ್ಬಾರರ ಕಡೀ ಕಡೀ ಚಿತ್ರದಾಗ ಬಣ್ಣ ಮುಂದ ಬಂದು ಆಕೃತಿ ಹಿಂದ ಸರದಿಲ್ಲೇನು? ನಮ್ಮ ಮಾಸ್ತರು ಅವರನ್ನ ಅಮೂರ್ತದ ಹೊಸ್ತಿಲ ಮ್ಯಾಲೆ ನಿಂತವರು ಅಂತಾರ.

ಕಾಕಾ: ಹೊಸ್ತಿಲ ಮ್ಯಾಲೆ, ಖರೆ. ಆದ್ರ ದಾಟಲಿಲ್ಲ. ದಾಟೋ ತಾಕತ್ತು ಇದ್ದಿಲ್ಲ ಅಂತಲ್ಲ. ಚಿತ್ರಕಾರ ಗಾಯತೊಂಡೆ ಅವರಂಥಾ ಗೆಳೆಯರು ಅದ ಮುಂಬೈಯೊಳಗ ದಾಟಿ ಆ ಕಡೆ ಹೋಗಿದ್ರು, 1964ರಾಗ ಅಮೆರಿಕಾದ ಫೆಲೋಶಿಪ್ ತಗೊಂಡು ನ್ಯೂಯಾರ್ಕಿಗೂ ಹೋಗಿ ಬಂದ್ರು. ಹೆಬ್ಬಾರರ ಕಣ್ಣ ಮುಂದನ ಅದೆಲ್ಲಾ ನಡೀತು. ಅವರು ಹಸಿವು, ಝೋಪಡಪಟ್ಟಿ, ಕೋಳಿ ಕಾಳಗ, ಸುಗ್ಗಿ ಇವನ್ನ ಹಿಡಕೊಂಡ ಉಳದ್ರು. ಬಂದಿಶ್ ಕೈಬಿಡದ ಗವಾಯಿ ಅವರು. ಮನ್ಸೂರರ ಘರಾಣಾದ ಚಿತ್ರಕಾರ ಅಂತ ನಾ ಅಂತೀನಿ.

ಹುಡುಗಿ: ಹಂಗಿದ್ರ ಡವ್ ಕಿರಾಣಾ ಘರಾಣಾದಾಂವ.

ಕಾಕಾ: ಅದ್ಹೆಂಗ?

ಹುಡುಗಿ: ಆ ಘರಾಣಾದ ಗಂಗೂಬಾಯಿ ಹಾನಗಲ್ಲರು ಬಡತ ಮಾಡೋದು ನೀವ ನನಗ ಕೇಳಿಸೀರಿ. ಒಂದ ಸ್ವರದ ಮ್ಯಾಲೆ ನಿಂತು, ಅದರ ಪೂರಾ ಉಸರು ಮುಗಿಯೋತನಕ ಮುಂದಿನ ಸ್ವರಕ್ಕ ಹೋಗೂದಿಲ್ಲ. ಬಂದಿಶ್‌ದ ಶಬ್ದಾ ಕರಗಿ ಹೋಗಿರತದ, ಬರೇ ಗಾಂಧಾರ ಉಳದಿರತದ. ಈಗ ಈ ಚಿತ್ರ ನೋಡ್ರಿ. ‘ಫಾಗ್ ಹಾರ್ನ್ಸ್’, 1929. ಕೊಲರಾಡೊ ಸ್ಪ್ರಿಂಗ್ಸ್‌ದ ಸಂಗ್ರಹದಾಗ ಅದ.

ಕಾಕಾ: ಉಂಗುರ. ಒಂದರೊಳಗ ಒಂದು. ನಡಬರಕ ಕಪ್ಪು, ಹೊರಗ ಬರಬರತ ತಿಳಿ. ಕೆಳಗ ನೀರೇನು? ಮಬ್ಬು ಮಬ್ಬು ಅದ.

ಹುಡುಗಿ: ಸಮುದ್ರ. ಮಂಜು ಬಿದ್ದಾಗ ಹಡಗಿನವರಿಗೆ ದಂಡಿ ಎಲ್ಲಿ ಅದ ಅಂತ ಗೊತ್ತಾಗಲಿ ಅಂತ ಊದತಾರಲ್ಲಾ, ಆ ಕಹಳಿಯ ದನಿ. ಕಣ್ಣಿಗೆ ಏನೂ ಕಾಣೂದಿಲ್ಲ, ದನಿ ಒಂದ ಬರತದ. ಹಂಗಿದ್ದಾಗ ಕಹಳಿ ಚಿತ್ರ ಬರದರ ಸುಳ್ಳಾಗತದ. ಮಂಜಿನ್ಯಾಗ ಇದ್ದಾಂವಗ ಕಹಳಿ ಕಾಣಸೂದ ಇಲ್ಲ. ಅಂವ ದನಿ ಹೆಂಗ ದಪ್ಪಾಗಿ ಹುಟ್ಟಿ ಅಗಲ ಆಗಕೋತ ತೆಳ್ಳಗಾಗತದ, ಅದನ್ನ ಬರದಾ. ನೀವು ರಾತ್ರಿ ಹಾಸಿಗಿ ಮ್ಯಾಲೆ ಮಲಕೊಂಡಾಗ ಸ್ಟೇಶನ್ನಿನ ಕಡೆಯಿಂದ ಗೂಡ್ಸ್ ಗಾಡಿ ಕೂಗತದ. ರೈಲು ಕಾಣೂದಿಲ್ಲ. ಆದ್ರ ದೂರದಿಂದ ಬರಲಿಕ್ಕೆ ಹತ್ತ್ಯದೋ, ಹೊಂಟು ಹೋಗಲಿಕ್ಕೆ ಹತ್ತ್ಯದೋ ನಿಮಗ ಗೊತ್ತಾಗತದ ಹೌದಲ್ಲೋ?

ಕಾಕಾ: ಗೊತ್ತಾಗತದ. ಮಳಿಗಾಲದಾಗ ಅದ ದನಿ ಬ್ಯಾರೆ ಬರತದ. ಹಸೀ ಹವಾದಾಗ ತುಂಬಿ ಬರತದ, ಬ್ಯಾಸಗಿಯೊಳಗ ಒಣಾ ಆಗಿ ಹರದ ಹಂಗ. ಮಾಳಮಡ್ಡಿಯೊಳಗ ಹುಟ್ಟಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ನೀ ಹೇಳೋದು ನನಗ ಈಗ ಕಾಣಲಿಕ್ಕೆ ಹತ್ತಿತು. ಕಾಣೋ ವಸ್ತು ಬಿಟ್ಟದ್ದು ವಸ್ತುವಿಗೆ ಪ್ರಾಮಾಣಿಕ ಇರಬೇಕಂತ.

ಹುಡುಗಿ: ನಾ ಹೇಳಬೇಕಂದದ್ದು ಅದ, ಕಾಕಾ. ಆತುರದಾಗ ಆ ಮಾತು ಸಿಗಲಿಲ್ಲ ನನಗ.

ಕಾಕಾ: ಆದ್ರ ಕೋಳಿ ಸಾಕಾಂವ ಸಮುದ್ರಕ್ಕ ಹೆಂಗ ಬಂದಾ?

ಹುಡುಗಿ: ಅದು ಬ್ಯಾನಿ ಕತಿ. ಫ್ಲಾರೆನ್ಸ್ ಕೂಡ ಸಂಸಾರ ಒಡೀತು. ಒಬ್ಬ ಮಗಾ ಇದ್ದಾ. ಇಪ್ಪತ್ತರ ದಶಕ ಸುರು ಆಗೋ ಹೊತ್ತಿಗೆ ಡವ್ ಮನಿ ಬಿಟ್ಟಾ. ಹೆಲೆನ್ ಟಾರ್ ಅನ್ನೋ ಚಿತ್ರಕಾರ್ತಿ ಕೂಡ ಇರಲಿಕ್ಕೆ ಹೋದಾ. ಅಕೀಗೂ ಮದವಿ ಆಗಿತ್ತು. ಕೂದಲ ಕೆಂಪಂತ ಅಕಿಗೆ ‘ರೆಡ್ಸ್’ ಅಂತ ಕರೀತಿದ್ದಾ. ಫ್ಲಾರೆನ್ಸ್ 1929ರಾಗ ತೀರಕೊಂಡ ಮ್ಯಾಲೆ, 1932ರಾಗ ಇವರು ಮದವಿ ಆದ್ರು. ನಡುವಿನ ವರ್ಷಾ ಇಬ್ಬರೂ ದೋಣ್ಯಾಗ. ‘ಮೋನಾ’ ಅಂತ ಹಾಯಿ ದೋಣಿ, 42 ಫೂಟು ಉದ್ದ. ಲಾಂಗ್ ಐಲೆಂಡಿನ ಖಾಡಿಯೊಳಗ ಚಳಿ, ಬಿರುಗಾಳಿ, ಮಂಜು ಎಲ್ಲಾ ಅದರಾಗನ ಉಂಡ್ರು. ದೊಡ್ಡ ಕ್ಯಾನ್ವಾಸ್ ಇಡಲಿಕ್ಕೆ ಜಾಗಾ ಇದ್ದಿಲ್ಲ. ಅದಕ್ಕ ಆ ಕಾಲದ ಚಿತ್ರ ಸಣ್ಣವು. ದಿನಾ ಡೈರಿ ಇಡತಿದ್ರು: ಗಾಳಿ ಯಾವ ಕಡೆ, ಹವಾ ಹೆಂಗದ, ಇವತ್ತ ಯಾವ ಚಿತ್ರ.

ಕಾಕಾ: ಹವಾಮಾನದ ಡೈರಿ ಇಡೋ ಚಿತ್ರಕಾರ. ನನಗ ಸೇರಿತು ಇದು.

ಹುಡುಗಿ: ಇನ್ನೂ ಸೇರತದ ಕೇಳ್ರಿ. ಅದ ದೋಣಿ ದಿನದಾಗ ಬಣ್ಣ ಬಿಟ್ಟು ಕೈಗೆ ಸಿಕ್ಕ ಸಾಮಾನು ಅಂಟಿಸಿ ಚಿತ್ರ ಮಾಡಿದಾ. 1925ರ ‘ಗ್ರ್ಯಾಂಡ್‌ಮದರ್’ದಾಗ ಹಳೀ ಕಟಗಿ ಹಲಿಗಿ, ಸೂಜಿ ಕಸೂತಿಯ ತುಂಡು, ಬೈಬಲ್ ಪದಕೋಶದ ಒಂದು ಹಾಳಿ, ಒತ್ತಿ ಒಣಗಿಸಿದ ಹೂವು, ಎಲಿ. ಮುಖಾ ಎಲ್ಲೂ ಇಲ್ಲ.

ಕಾಕಾ: ಬ್ಯಾಕಾಗಿಲ್ಲ ಮುಖಾ. ಅಜ್ಜಿ ಬಂದು ಕೂತಾಳ ಅಲ್ಲಿ. ನಮ್ಮ ಅವ್ವನ ಟ್ರಂಕಿನ್ಯಾಗ ಇರೋವು ಅವ ಸಾಮಾನು. ಪುರಂದರದಾಸರ ಪದದ ವಹಿ, ಕಸೂತಿ ಇಳಕಲ್ಲ ಸೀರಿಯ ತುಂಡು. ಇದನ್ನ ನಿನ್ನ ಕ್ಲಾಸಿನ ಹುಡುಗರಿಗೆ ಮರೀದ ತೋರಸು. ಅಮೂರ್ತ ಅಂದ್ರ ಮನಷ್ಯಾರ ಮ್ಯಾಲಿನ ಮಾಯಾ ಬಿಡೋದು ಅಂತ ತಿಳಕೊಂಡಿರತಾರ ಅವರು, ನನ್ನ ಹಂಗ.

ಹುಡುಗಿ: ಸಂಗೀತಾನೂ ಬರದಾ. 1927ರಾಗ ಗ್ರಾಮೊಫೋನ್ ತಟ್ಟಿ ಹಚ್ಚಿ ಗರ್ಶ್‌ವಿನ್‌ನ ‘ರ‍್ಯಾಪ್ಸಡಿ ಇನ್ ಬ್ಲೂ’ ಕೇಳಕೋತ ಬರದದ್ದು ಒಂದು. ಅಲ್ಯುಮಿನಿಯಂ ಹಾಳಿ ಮ್ಯಾಲೆ ಎಣ್ಣಿಬಣ್ಣ, ಅದರ ಮ್ಯಾಲೆ ಗಡಿಯಾರದ ಸ್ಪ್ರಿಂಗ್. ಗೆರಿ ಏರಬೇಕಾದಲ್ಲೆ ಏರತದ, ಚಿಮ್ಮಬೇಕಾದಲ್ಲೆ ಸ್ಪ್ರಿಂಗ್. 1938ರಾಗ ಲೂಯಿ ಆರ್ಮ್‌ಸ್ಟ್ರಾಂಗ್‌ನ ಸಂಗೀತಕ್ಕೂ ಒಂದು ಮಾಡಿದಾ. ಹೆಬ್ಬಾರರು ಕಾಲಿಗೆ ಗೆಜ್ಜಿ ಕಟ್ಟಿದ್ರು, ಇಂವ ಕಿವಿಯಿಂದ ಗೆರಿ ಎಳದಾ. ನನಗ ಅವರಿಬ್ಬರ ನಡಕ ಅಂಥಾ ದೂರ ಕಾಣೂದಿಲ್ಲ.

ಕಾಕಾ: ದೂರ ಅದ. ಅದನ್ನ ಕಮ್ಮಿ ಮಾಡಿ ಹೇಳಬ್ಯಾಡ. ಹೆಬ್ಬಾರರ ಚಿತ್ರದ ಮುಂದ ನಿಂತರ ಹಸದ ಹೆಣಮಗಳು ನನ್ನ ನೋಡತಾಳ. ನಾ ಉತ್ತರಾ ಕೊಡಬೇಕು. ಡವ್‌ನ ಮಂಜಿನ ಮುಂದ ನಿಂತರ ಯಾರೂ ನನ್ನ ಏನೂ ಕೇಳೂದಿಲ್ಲ, ನಾ ಒಳಗ ಹೋಗತೀನಿ ಅಷ್ಟ. ಎರಡೂ ಬೇಕು ಅಂತ ನೀ ಅನಬಹುದು. ನಾ ಒಂದನ್ನ ಆರಿಸಬೇಕಂದ್ರ ಹೆಬ್ಬಾರರನ್ನ ಆರಿಸತೀನಿ. ನಮ್ಮ ದೇಶದಾಗ ಆ ಕಾಲಕ್ಕ ಮನಷ್ಯಾನ್ನ ಬಿಡದ ಉಳಿಯೋದು ಸುಲಭ ಇದ್ದಿಲ್ಲ, ಅವರು ಬಿಡದ್ದಕ್ಕ ನನಗ ಅವರ ಮ್ಯಾಲೆ ಗೌರವ.

ಹುಡುಗಿ: ನಾ ಡವ್‌ನ ಆರಿಸತೀನಿ. ಅಂವ ತನ್ನ ನೆಲಾ ಬಿಡಲಿಲ್ಲ. 1933ರಾಗ ತಾಯಿ ಹ್ವಾದ ಮ್ಯಾಲೆ ಆಸ್ತಿ ವ್ಯವಹಾರ ಮುಗಸಲಿಕ್ಕೆ ಜಿನೀವಾಕ್ಕ ಹೋಗಿ ಐದು ವರ್ಷ ಅಲ್ಲೇ ಸಿಕ್ಕಿಕೊಂಡಾ. ಮಂದಗತಿಯ ಕಾಲ, ಇಟ್ಟಂಗಿ ಭಟ್ಟಿ ಬಂದ್ ಆಗಿತ್ತು, ಸಾಲ ತಲೀ ಮ್ಯಾಲೆ. ಹೊಲದ ಮನ್ಯಾಗ ಇದ್ರು; ಆಮ್ಯಾಲೆ ಅಪ್ಪ ಕಟ್ಟಿಸಿದ ‘ಡವ್ ಬ್ಲಾಕ್’ ಕಟ್ಟಡದ ಮ್ಯಾಲಿನ ಅಟ್ಟದಾಗ, ಒಂದ ಕಾಲಕ್ಕ ಜನಾ ಸ್ಕೇಟಿಂಗ್ ಆಡತಿದ್ದ ದೊಡ್ಡ ಹಾಲಿನ್ಯಾಗ. ಆಗ ಮತ್ತ ದನಾ ಬಂದ್ವು. 1935ರಾಗ ‘ಕೌಸ್ ಇನ್ ಪ್ಯಾಶ್ಚರ್’. ಮರುವರ್ಷ ಸೂರ್ಯೋದಯದ ಚಿತ್ರಗಳು. ಅಂಗಡಿ ಬಣ್ಣ ಸಾಲದಂತ ಪುಸ್ತಕಾ ಓದಿ ತಾನ ಬಣ್ಣ ಅರೀತಿದ್ದಾ, ಮೇಣ ಕೂಡಿಸಿ ನೋಡತಿದ್ದಾ.

ಕಾಕಾ: ತಂದಿ ಕೊಡದ ರೊಕ್ಕಾ ಆಮ್ಯಾಲೆ ಯಾರು ಕೊಟ್ರು?

ಹುಡುಗಿ: ವಾಶಿಂಗ್ಟನ್ನಿನ ಡಂಕನ್ ಫಿಲಿಪ್ಸ್. ಮನೀನ ಮ್ಯೂಜಿಯಮ್ ಮಾಡಿದ ಸಾಹುಕಾರ. 1926ರಾಗ ಎರಡು ಚಿತ್ರ ಕೊಂಡಾ, ಮುವ್ವತ್ತರ ದಶಕದಾಗ ತಿಂಗಳಾ ತಿಂಗಳಾ ರೊಕ್ಕಾ ಕಳಸಲಿಕ್ಕೆ ಹತ್ತಿದಾ, ಬದಲಿಗೆ ವರ್ಷಾ ಚಿತ್ರ ಆರಿಸಿಕೊಳ್ಳತಿದ್ದಾ. ಇಬ್ಬರೂ ಎದುರಾ ಎದುರಾ ಭೆಟ್ಟಿ ಆದದ್ದು ಒಮ್ಮೆನ, 1936ರಾಗ. ಉಳದದ್ದೆಲ್ಲಾ ಪತ್ರದಾಗ. ಆ ರೊಕ್ಕಾ ಎಷ್ಟೋ ಸಲ ತಡಾ ಆಗತಿತ್ತು, ಇವರು ಅಂಚೆ ದಾರಿ ಕಾಯತಿದ್ರು.

ಕಾಕಾ: ಒಬ್ಬ ರಸಿಕ ಸಾಕು. ನಮ್ಮ ಗವಾಯಿಗಳಿಗೂ ಹಂಗ ಒಬ್ಬೊಬ್ಬರು ಸಿಕ್ಕಿದ್ದಕ್ಕ ಉಳದ್ರು. ಕೊನೀಗೆ?

ಹುಡುಗಿ: 1938ರಾಗ ಲಾಂಗ್ ಐಲೆಂಡಿನ ಸೆಂಟರ್‌ಪೋರ್ಟಿಗೆ ಬಂದ್ರು. ಹಿಂದ ಅಂಚೆ ಕಚೇರಿ ಇದ್ದ ಒಂದು ಸಣ್ಣ ಮನಿ, ನೀರಿನ ದಂಡಿಗೆ. ಬಂದ ಕೂಡ್ಲೆ ನ್ಯುಮೋನಿಯಾ, ಮರುವರ್ಷ ಎದಿ ರೋಗ, ಮೂತ್ರಪಿಂಡದ ರೋಗ. ಹೆಚ್ಚು ಕಮ್ಮಿ ಆ ಮನಿ ಬಿಟ್ಟು ಹೊರಗ ಹೋಗಲಿಕ್ಕೆ ಆಗಲಿಲ್ಲ. ಅಂಗೈಯಷ್ಟ ಹಾಳಿ ಮ್ಯಾಲೆ ಜಲವರ್ಣ ಮಾಡತಿದ್ದಾ, ನೂರಾರು. ಆಗನ ಅವನ ಅತ್ಯಂತ ಧೈರ್ಯದ ಚಿತ್ರ ಆದದ್ದು. 1944ರ ‘ದ್ಯಾಟ್ ರೆಡ್ ವನ್’ ನೋಡ್ರಿ. ಬಣ್ಣದ ದೊಡ್ಡ ದೊಡ್ಡ ತಳಾ, ಅಷ್ಟ. ಹತ್ತು ವರ್ಷ ಬಿಟ್ಟು ನ್ಯೂಯಾರ್ಕಿನ್ಯಾಗ ದೊಡ್ಡ ಹೆಸರಾದವರು ಮಾಡಿದ್ದನ್ನ ಇಂವ ಖುರ್ಚಿ ಮ್ಯಾಲೆ ಕೂತು, ಕಿಡಕಿಯೊಳಗಿಂದ ನೀರು ನೋಡಕೋತ ಮಾಡಿ ಇಟ್ಟಿದ್ದಾ. 1946ರ ನವೆಂಬರಿನ್ಯಾಗ ತೀರಕೊಂಡಾ.

ಕಾಕಾ: ಮತ್ತ ಅಕಿ?

ಹುಡುಗಿ: ಯಾರು?

ಕಾಕಾ: ಹೆಲೆನ್. ನೀ ಚಿತ್ರಕಾರ್ತಿ ಅಂದಿ. ದೋಣ್ಯಾಗ ಇದ್ಲು, ಡೈರಿ ಬರದ್ಲು, ರೋಗಿ ಸೇವಾ ಮಾಡಿದ್ಲು ಅಂತ ನಾನ ತಿಳಕೋಬೇಕೇನು? ಅಕಿ ಚಿತ್ರ ಎಲ್ಲವ?

ಹುಡುಗಿ: ಬರದಾಳ, ಕಾಕಾ. ಛಲೋ ಬರದಾಳ. ದಂಡಿ, ಕಪ್ಪಿಚಿಪ್ಪು, ಎಲಿ. ಶಾಂತ, ಗಟ್ಟಿ ಚಿತ್ರ. ಆದ್ರ ಬದುಕಿದ್ದಾಗ ಪ್ರದರ್ಶನ ಆದದ್ದು ಎರಡ ಸಲ. 1927ರಾಗ ಚಿತ್ರಕಾರ್ತಿ ಜಾರ್ಜಿಯಾ ಓಕೀಫ್ ಏರ್ಪಾಡು ಮಾಡಿದ ಒಂದರಾಗ, 1933ರಾಗ ಸ್ಟೀಗ್ಲಿಟ್ಸ್‌ನ ಗ್ಯಾಲರಿಯೊಳಗ ಗಂಡನ ಚಿತ್ರದ ಕೂಡ. ಡವ್ ಹ್ವಾದ ಮ್ಯಾಲೆ ಅಕಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬದುಕಿದ್ಲು, 1967ರತನಕ. ಮತ್ತ ಕುಂಚ ಹಿಡೀಲಿಲ್ಲ. ತನ್ನ ಚಿತ್ರ ಎಲ್ಲಾ ನಾಶ ಮಾಡಿಬಿಡ್ರಿ ಅಂತ ತಂಗಿಗೆ ಹೇಳಿದ್ಲು. ತಂಗಿ ಮಾಡಲಿಲ್ಲ. ಹಂಟಿಂಗ್ಟನ್ನಿನ ಹೆಕ್‌ಶರ್ ಮ್ಯೂಜಿಯಮ್ಮಿಗೆ ಕೊಟ್ಲು, ಅವರು 1972ರಾಗ ಪ್ರದರ್ಶನ ಮಾಡಿದ್ರು. ಸೆಂಟರ್‌ಪೋರ್ಟಿನ ಆ ಮನೀನೂ ಈಗ ಅವರ ಹತ್ತರನ ಅದ.

ಕಾಕಾ: ನಾಶ ಮಾಡ್ರಿ ಅಂದ್ಲೇನು. ಇದು ನನಗ ಸೈರಿಸಲಿಕ್ಕೆ ಆಗೂದಿಲ್ಲ, ತಂಗಿ. ನಮ್ಮ ಓಣ್ಯಾಗ ಎಂಥೆಂಥಾ ದನಿ ಅಡಗಿ ಮನ್ಯಾಗ ಮುಗದು ಹೋದ್ವು ಅಂತ ನಾ ನೋಡೀನಿ. ಮುಂಜಾನಿ ರಾಗದಾಗ ದಾಸರ ಪದಾ ಹೇಳಕೋತ ರೊಟ್ಟಿ ಬಡಿಯೋವರು ಇದ್ರು. ಅವರ ಷಡ್ಜ ಹಚ್ಚೋದು ಕೇಳಿ ಗವಾಯಿಗಳು ನಿಂತು ಹೋಗತಿದ್ರು. ಒಂದು ಧ್ವನಿಮುದ್ರಿಕಾ ಇಲ್ಲ. ಗಂಗೂಬಾಯಿ ಇಲ್ಲೇ ಶುಕ್ರವಾರಪ್ಯಾಟಿಯೊಳಗ ಹುಟ್ಟಿ ಅಷ್ಟು ಎತ್ತರ ಹೋದ್ರು ಅಂತ ನಾವು ಹೆಮ್ಮಿ ಪಡತೀವಿ. ಒಬ್ಬರು ಹೋದ್ರು. ಉಳದವರು? ನಿನ್ನ ಮಾತಿನ್ಯಾಗ ಹೆಲೆನ್‌ನ ಡವ್‌ನ ಹೆಂಡ್ತಿ ಅಂತ ಒಂದ ಸಾಲಿನ್ಯಾಗ ಮುಗಸಬ್ಯಾಡ.

ಹುಡುಗಿ: ಮುಗಸೂದಿಲ್ಲ. ಅಕಿದೊಂದು ಚಿತ್ರ ಅದ, ‘ಈವ್ನಿಂಗ್ ಸೌಂಡ್ಸ್’. ಸಂಜಿಯ ಸಪ್ಪಳಗಳು. ಬಾಸ್ಟನ್ ಮ್ಯೂಜಿಯಮ್ಮಿನ್ಯಾಗ ಅದ. ಅಕೀನೂ ದನೀನ ಬರದಾಳ.

ಕಾಕಾ: ಅದನ್ನ ‘ಫಾಗ್ ಹಾರ್ನ್ಸ್’ ಬಾಜೂಕ ಇಡು. ಒಂದ ಪರದಾ ಮ್ಯಾಲೆ, ಒಂದ ಅಳತಿಯೊಳಗ. ಹೆಸರು ಹೇಳಬ್ಯಾಡ ಮೊದಲ. ಯಾರದು ಯಾವುದು ಅಂತ ಹುಡುಗರು ಹೇಳಲಿ.

ಹುಡುಗಿ: ಹೆಬ್ಬಾರರ ನರ್ತಕಿ?

ಕಾಕಾ: ಆಮ್ಯಾಲೆ. ಬಣ್ಣ ಎಲ್ಲಾ ತಗದು ಬರೇ ಗೆರಿ ತೋರಸು. ಆಗ ನನ್ನ ಪ್ರಶ್ನಾನ ಅವರಿಗೆ ಕೇಳು: ಈ ಮೂವರೊಳಗ ಹೊಸ್ತಿಲು ದಾಟಿದವರು ಯಾರು? ಉತ್ತರಾ ನೀ ಹೇಳಬ್ಯಾಡ. ನನಗೂ ಬಂದು ಹೇಳು, ಅವರು ಏನಂದ್ರಂತ.